ಮೂರು ದಿನ ಸುಳ್ಳು ಸಾರಿದ ಹುಚ್ಚೀರ

ನಮ್ಮಜ್ಜನ ಅಜ್ಜನಿಗಿಂತಲೂ ಬಹಳ ಹಿಂದೆ, ಈ ಬಿಳಿಗಲ್ಲುಪಟ್ಟಣ ಹತ್ತಾರು ಗುಡಿಸಲಿನ ಒಂದು ಊರು. ಒಬ್ಬ ಪಾಳೇಗಾರ ಬಂದ, ಗುಡ್ಡ ನೋಡಿದ, ನೀರು ನೋಡಿದ, ಮಣ್ಣಿನ ಕೋಟೆ ಕಟ್ಟಿದ. ಅವನ ಮಗ ಅದನ್ನೇ ಕಲ್ಲಿನಲ್ಲಿ ಕಟ್ಟಿದ. ಮೊಮ್ಮಗ ದೊರೆ ಅನ್ನಿಸಿಕೊಂಡ, ಊರು ರಾಜಧಾನಿ ಅನ್ನಿಸಿಕೊಂಡಿತು. ಇವರ ಹೆಸರೆಲ್ಲ ಕಲ್ಲಿನಲ್ಲಿ ಕೆತ್ತಿದೆ. ಹುಚ್ಚೀರನ ಹೆಸರು ಯಾವ ಕಲ್ಲಿನಲ್ಲೂ ಇಲ್ಲ. ಅದು ಬಾಯಿಂದ ಬಾಯಿಗೆ ಬಂದದ್ದು, ಕೇಳಿ.

ಹುಚ್ಚೀರ ಡಂಗುರ ಸಾರುವವ. ತಮಟೆ ಬಡಿದು ಅವನು ಮೂಡಲ ಬಾಗಿಲಲ್ಲಿ ಕೂಗಿದರೆ ಪಡುವಲ ಬಾಗಿಲಲ್ಲಿ ಮಲಗಿದ ಕೂಸು ಎಚ್ಚರಾಗುತ್ತಿತ್ತಂತೆ. ದೊರೆಯನ್ನು ಕಣ್ಣಾರೆ ಕಂಡವರು ಕಡಿಮೆ. ಜನಕ್ಕೆ ಹುಚ್ಚೀರನ ದನಿಯೇ ದೊರೆಯ ದನಿ. ಅವನು ಸಾರಿದನೆಂದರೆ ಅದು ನಿಜ, ಅಷ್ಟೇ.

ಒಂದು ಬೇಸಿಗೆ ಕೆಳಗಿನ ಕೇರಿಗಳಲ್ಲಿ ಇಲಿಗಳು ಸೂರಿನಿಂದ ಉದುರಿದವು. ಆಮೇಲೆ ಜನ ಉದುರಿದರು. ಕಂಕುಳಲ್ಲಿ ಗಡ್ಡೆ, ಮೈಯೆಲ್ಲ ಬೆಂಕಿ, ಮೂರನೇ ದಿನಕ್ಕೆ ಹೆಣ. ಅರಮನೆಯಲ್ಲಿ ಆಗ ಯುವರಾಜನ ಮದುವೆಯ ಚಪ್ಪರ ಏಳುತ್ತಿತ್ತಂತೆ. ಊರು ಖಾಲಿಯಾದರೆ ಬೀಗರ ಮುಂದೆ ಮಾನ ಹೋದೀತೆಂದು ಪ್ರಧಾನಿ ಕೋಟೆಯ ಬಾಗಿಲುಗಳನ್ನು ಹಾಕಿಸಿದ. ಊರಲ್ಲಿ ಯಾವ ಬೇನೆಯೂ ಇಲ್ಲ, ಯಾರೂ ಕದಲಬಾರದು ಎಂದು ಸಾರಲು ಹುಚ್ಚೀರನಿಗೆ ಅಪ್ಪಣೆಯಾಯಿತು.

ಅವನು ಸಾರಿದ. ಒಂದು ದಿನ ಸಾರಿದ, ಎರಡು ದಿನ ಸಾರಿದ, ಮೂರು ದಿನ ಸಾರಿದ. ಹೆಣ ಹೊತ್ತವರಿಗೆ ದಾರಿ ಬಿಟ್ಟುಕೊಟ್ಟು, ಅವರು ತಿರುವು ದಾಟಿದ ಮೇಲೆ ಮತ್ತೆ ಸಾರಿದನಂತೆ.

ಮೂರನೇ ಸಂಜೆ ಪಕ್ಕದ ಮನೆಯ ಬಸಕ್ಕ ಹೊಸ್ತಿಲ ಮೇಲೆ ಕೂತಿದ್ದಳು. ಒಳಗೆ ಅವಳ ಗಂಡ, ಇಬ್ಬರು ಹೆಣ್ಣುಮಕ್ಕಳು, ಮೂವರೂ ತಣ್ಣಗಾಗಿದ್ದರು. ಅವಳು ಅಳಲೂ ಇಲ್ಲ, ಬೈಯಲೂ ಇಲ್ಲ.

"ಕೋಟೆಯ ತೂತಿನಲ್ಲಿ ನುಸುಳಿ ಹೋಗೋಣ ಅಂತ ಗಂಟು ಕಟ್ಟಿದ್ದೆ ಕಣೋ ಹುಚ್ಚೀರ," ಅಂದಳು. "ನಿನ್ನ ದನಿ ಕೇಳಿ ಬಿಚ್ಚಿಬಿಟ್ಟೆ."

ಆ ರಾತ್ರಿ ಹುಚ್ಚೀರ ಉಣ್ಣದೆ ಎದ್ದ. ಬೆಳಕು ಹರಿಯುತ್ತಲೇ ಹೆಂಡತಿ ಗಾಳೆವ್ವನಿಗೆ ಮಕ್ಕಳನ್ನು ಕರೆದುಕೊಂಡು ಬಾಗಿಲ ಹತ್ತಿರ ನಿಲ್ಲು ಅಂದ. ನೇರ ಮೂಡಲ ಬಾಗಿಲಿಗೆ ಹೋಗಿ ತಮಟೆ ಬಡಿದ.

"ದೊರೆಗಳ ಅಪ್ಪಣೆ! ಊರಿಗೆ ಮಾರಿ ಬಂದಿದೆ! ಬಾಗಿಲು ತೆಗೆಯಿರಿ! ಎಲ್ಲರೂ ಊರು ಬಿಡಿ!"

ಕಾವಲಿನವರಿಗೂ ಅದು ದೊರೆಯ ದನಿಯೇ. ಅಗುಳಿ ಸರಿಸಿದರು. ಜನ ಕಟ್ಟೆಯೊಡೆದ ನೀರಿನ ಹಾಗೆ ಹರಿದರು. ಗಾಳೆವ್ವ ಅವನ ತೋಳು ಹಿಡಿದಳು.

"ನೀನೂ ಬಾ."

"ಇನ್ನೂ ಏಳು ಕೇರಿಗೆ ನಾನು ಹೇಳಿಲ್ಲ," ಅಂದನಂತೆ. ಬಿಡಿಸಿಕೊಂಡು ಒಳಗೆ ಹೋದ. ಅವಳು ಅವನನ್ನು ಕಂಡದ್ದು ಅದೇ ಕೊನೆ.

ಏಳನೇ ಕೇರಿಯಲ್ಲಿ ಹಿಡಿದರು. ಯಾರ ಅಪ್ಪಣೆಯೋ ಎಂದು ಪ್ರಧಾನಿ ಕೇಳಿದ.

"ದೊರೆಗಳ ಹೆಸರಲ್ಲಿ ಮೂರು ದಿನ ಸುಳ್ಳು ಸಾರಿದೆ, ಬುದ್ಧಿ. ಒಂದು ದಿನವಾದರೂ ಅವರ ಹೆಸರಲ್ಲಿ ನಿಜ ಸಾರೋಣ ಅನ್ನಿಸಿತು."

ಮೂಡಲ ಬಾಗಿಲ ಬಳಿ ಅವನ ನಾಲಗೆ ಕತ್ತರಿಸಿದರು. ಊರಿಗೆ ಪಾಠವಾಗಲೆಂದು ಮಾಡಿದ್ದು. ನೋಡಲು ಬೀದಿಯಲ್ಲಿ ಯಾರೂ ಉಳಿದಿರಲಿಲ್ಲ. ಅವನು ಅಲ್ಲೇ ಸತ್ತ. ಗಾಯದಿಂದ ಅಂತ ಕೆಲವರು, ಬೇನೆಯಿಂದ ಅಂತ ಕೆಲವರು.

ಮದುವೆ ನಡೆಯಲಿಲ್ಲ. ಯುವರಾಜನೂ ಬೇನೆಗೆ ಹೋದ. ದೊರೆ ಹೊಳೆಯಾಚೆ ಬೇರೆ ರಾಜಧಾನಿ ಕಟ್ಟಿದ. ಮಳೆ ಬಿದ್ದ ಮೇಲೆ ಜನ ಒಬ್ಬೊಬ್ಬರೇ ವಾಪಸಾದರು. ಗಾಳೆವ್ವ ಗಂಡನ ಎಲುಬುಗಳನ್ನು ಆರಿಸಿ ಬಾಗಿಲ ಬುಡದಲ್ಲೇ ಮಣ್ಣು ಮಾಡಿದಳು. ಬಸಕ್ಕ ಬರಲಿಲ್ಲ. ಅವಳು ಹೊಸ್ತಿಲು ಬಿಟ್ಟು ಹೋಗಿರಲೇ ಇಲ್ಲವಂತೆ, ಅಲ್ಲೇ ತೀರಿಹೋಗಿದ್ದಳಂತೆ.

ಆಮೇಲೆ ನವಾಬರ ದಂಡು ಬಂತು, ಬಿಳಿಯರು ಬಂದರು, ರೈಲು ಬಂತು. ಸ್ವಾತಂತ್ರ್ಯ ಬಂದ ಮೇಲೆ ಪಟ್ಟಣ ಮತ್ತೆ ರಾಜಧಾನಿಯಾಯಿತು. ರಸ್ತೆ ಅಗಲ ಮಾಡುವಾಗ ಮೂಡಲ ಬಾಗಿಲನ್ನು ಒಡೆದರು. ಈಗ ಅಲ್ಲಿ ಸಿಗ್ನಲ್ ದೀಪ.

ಆದರೂ ಮೈಕಿನ ಆಟೋಗಳು ಅಲ್ಲಿಗೆ ಬಂದಾಗ ಮೈಕು ಆರಿಸುತ್ತವೆ. ಸಿನಿಮಾದ್ದಿರಲಿ, ಸರ್ಕಾರದ್ದಿರಲಿ, ನೂರು ಹೆಜ್ಜೆ ಸದ್ದಿಲ್ಲದೆ ದಾಟುತ್ತವೆ. ಹೋದ ಚುನಾವಣೆಯಲ್ಲಿ ಹೊರಗಿನ ಡ್ರೈವರೊಬ್ಬ ಗೊತ್ತಿಲ್ಲದೆ ಕೂಗಿಸಿಕೊಂಡು ಬಂದ. ಹೂ ಮಾರುವ ಮುದುಕಿ ಎದ್ದುಬಂದು ಆಟೋಗೆ ಅಡ್ಡ ನಿಂತಳು. ಹಿಂದೆ ಬಸ್ಸುಗಳು ಸಾಲುಗಟ್ಟಿದವು. ಮೈಕು ನಿಂತ ಮೇಲೆಯೇ ಅವಳು ದಾರಿ ಬಿಟ್ಟಳು.