ಬಡಗಿಯ ಹೆಂಡತಿ ತಬ್ಬಿದ ಕಂಬ

ಮಾಘ ಮಾಸದ ಒಂದು ಬೆಳಿಗ್ಗೆ ಶಿಷ್ಯನೊಬ್ಬ ಮಠಕ್ಕೆ ಬಂದು ಗುರುಗಳ ಮುಂದೆ ಕುಳಿತ. ತವರಿಲ್ಲದ ಅವನ ಹೆಂಡತಿಗೆ ನಸುಕಿನಲ್ಲೇ ಹೆರಿಗೆ ನೋವು ಶುರುವಾಗಿತ್ತು. ಸೂಲಗಿತ್ತಿ ಬಂದು ನೋಡಿ, "ಇನ್ನೂ ಹೊತ್ತಿದೆ, ಬಿಸಿಲು ಇಳಿದ ಮೇಲೆ ಬರುತ್ತೇನೆ" ಎಂದು ಹೋಗಿದ್ದಳು.

"ಗುರುಗಳೇ, ಅಲ್ಲಿಯವರೆಗೆ ಆ ಮನೆಯಲ್ಲಿ ಗಂಡಸಿಗೆ ಏನು ಕೆಲಸ?" ಎಂದು ಅವನು ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬಡಗಿಯಿದ್ದ. ಕೈ ಸುಮ್ಮನಿದ್ದರೆ ಅವನ ಜೀವಕ್ಕೆ ಸಮಾಧಾನವಿರುತ್ತಿರಲಿಲ್ಲ. ಹೆಂಡತಿಗೆ ಮೊದಲ ನೋವು ಬಂದಾಗ ಅವನು ಅಂಗಳಕ್ಕೆ ಹೋಗಿ ಹಲಗೆ ತೆಗೆದ. ಮಗು ಬರುವ ಮುನ್ನ ತೊಟ್ಟಿಲು ಮಾಡಬಾರದೆಂಬುದು ರೂಢಿ. ಆದ್ದರಿಂದ ಬಾಣಂತಿಗೆ ನೀರೆರೆಯುವ ಮಣೆ ಮಾಡಲು ಕುಳಿತ. ಇದೂ ಅವಳಿಗಾಗಿಯೇ ಅಲ್ಲವೇ ಎಂದುಕೊಂಡ.

ನೋವು ಬರುತ್ತಿತ್ತು, ಹೋಗುತ್ತಿತ್ತು. ಬಂದಾಗಲೆಲ್ಲ ಅವಳು ಪಡಸಾಲೆಯ ಕಂಬವನ್ನು ತಬ್ಬಿ ನಿಲ್ಲುತ್ತಿದ್ದಳು. ಹಲಗೆ ಕೀಸುವ ಸದ್ದು ಎಲ್ಲೋ ದೂರದ ಹೊಳೆಯ ಹಾಗೆ ಅವಳಿಗೆ ಕೇಳುತ್ತಿತ್ತು.

"ಒಳಗೆ ಬರ್ತೀರಾ?" ಎಂದಳು.

"ಬಂದೆ ಕಣೇ. ಮಣೆಗೆ ಇನ್ನೊಂದೇ ಕಾಲು ಕೂರಿಸೋದು ಬಾಕಿ."

"ನೀವು ನಿಲ್ಲಿಸಿದ ಕಂಬ ಗಟ್ಟಿಯಾಗಿದೆ, ನಿಜ. ಆದರೆ ತಬ್ಬಿದರೆ ತಿರುಗಿ ತಬ್ಬೋದಿಲ್ಲ."

ಬಡಗಿ ಉಳಿಯನ್ನು ಕೆಳಗಿಟ್ಟ. ಒಳಗೆ ಬಂದು ಕಂಬದ ಮುಂದೆ ನಿಂತ. ಅವಳು ಅವನ ಕೊರಳಿಗೆ ಜೋತುಬಿದ್ದು ಮೈಭಾರವನ್ನೆಲ್ಲ ಬಿಟ್ಟಳು. ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಅವಳು ತೂಗಿದತ್ತ ತಾನೂ ತೂಗಿದ. ಅವಳು ಉಸಿರು ಬಿಟ್ಟಾಗ ತಾನೂ ಬಿಟ್ಟ. ನೋವು ಇಳಿದಾಗ ಸೊಂಟ ನೀವಿದ, ಗಂಜಿ ಕುಡಿಸಿದ. ಬಿಸಿಲು ಒಂದು ಗೋಡೆಯಿಂದ ಇನ್ನೊಂದಕ್ಕೆ ಸರಿಯಿತು. ಮನೆ ನಿಂತಿದೆಯೋ ತೇಲುತ್ತಿದೆಯೋ ಅವನಿಗೆ ಗೊತ್ತಾಗದೆ ಹೋಯಿತು. ಅಂಗಳದಲ್ಲಿ ಮಣೆ ಅರೆಬರೆಯಾಗಿಯೇ ಉಳಿಯಿತು.

ಸಂಜೆ ಸೂಲಗಿತ್ತಿ ಬಂದು ಬಾಗಿಲಲ್ಲೇ ನಿಂತು ನಕ್ಕಳು. "ಏನಪ್ಪಾ, ಹೆರೋದು ನೀನೋ, ಅವಳೋ?"

ಕತೆ ಅಲ್ಲಿಗೆ ನಿಂತಿತು. ಶಿಷ್ಯ ಕೇಳಿದ.

"ಅವನು ನಿಂತದ್ದರಿಂದ ಅವಳ ನೋವು ಕಡಿಮೆಯಾಯಿತೇ, ಗುರುಗಳೇ?"

"ಇಲ್ಲ," ಎಂದರು ಗುರುಗಳು. "ಆದರೆ ಆ ನೋವಿನ ಹೊತ್ತಿಗೆ ಅಲ್ಲಿ ಇಬ್ಬರಿದ್ದರು. ನಿನ್ನ ಮನೆಯಲ್ಲಿ ಈಗ ಇರುವುದು ಒಬ್ಬಳೇ."