ನಾಲ್ಕು ಗ್ರಂಥಗಳ ಮದ್ದು

"ಗುರುಗಳೇ, ನಾಲ್ಕು ಗ್ರಂಥಗಳು ಒಂದೇ ಮಾತನ್ನು ಹೇಳುವಾಗ ಇನ್ನೂ ಯಾಕೆ ವಿಚಾರಿಸಬೇಕು?"

ಕೇಳಿದವನು ಮರುಳಯ್ಯ. ಅವನು ಹಳೆಯ ಕೃತಿಯೊಂದರ ಅರ್ಥ ವಿವರಿಸುವ ಟೀಕೆ ಬರೆಯುತ್ತಿದ್ದ. ಅದಕ್ಕೆ ಆಧಾರವಾದ ಗ್ರಂಥಗಳ ಹೆಸರುಗಳನ್ನು ಬರೆದು, ಒಂದೊಂದರ ಕೆಳಗೂ ಅದು ಏನು ಹೇಳುತ್ತದೆ, ಅದನ್ನು ಎಷ್ಟು ನಂಬಬಹುದು ಎಂದು ತೂಗಿ ನೋಡಿ ತರುವಂತೆ ಗುರುಗಳು ಹೇಳಿದ್ದರು. ಮರುಳಯ್ಯ ಎಲ್ಲದರ ಕೆಳಗೂ 'ನಂಬಬಹುದು' ಎಂದು ಬರೆದುಕೊಂಡು ಬಂದಿದ್ದ.

ಗುರುಗಳು ಅದನ್ನು ಓದಿ ಪಕ್ಕಕ್ಕಿಟ್ಟು ಒಂದು ಕಥೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಓದಿದವನು, ಕೈಗುಣವಿದ್ದವನು. ಹೆರಿಗೆಯಾದ ಮೇಲೆ ಒಬ್ಬ ನೇಕಾರನ ಹೆಂಡತಿಯ ಕಾಲು ಬಾತುಕೊಂಡಿತು. ಬಾವಿನ ಮೇಲೆ ಒಂದು ಬೇರನ್ನು ಅರೆದು ಹಚ್ಚುವುದು ವೈದ್ಯನಿಗೆ ಗೊತ್ತಿತ್ತು. ಹಚ್ಚಿದ. ಬಾವು ಇಳಿಯಲಿಲ್ಲ. ಆಗ ಮನೆಯಲ್ಲಿದ್ದ ವೈದ್ಯಗ್ರಂಥವನ್ನು ತೆಗೆದ. ಬೇರೆ ವೈದ್ಯರಿಂದ ಇನ್ನೂ ಮೂರನ್ನು ತರಿಸಿದ. ನಾಲ್ಕರಲ್ಲೂ ಒಂದೇ ಮಾತಿತ್ತು: ಬೇರನ್ನು ಅರೆದು ಹಚ್ಚಬೇಕು, ಹಾಲಿನಲ್ಲಿ ಕದಡಿ ಕುಡಿಸಬೇಕು.

ನೇಕಾರನ ತಾಯಿ ವೈದ್ಯ ಕದಡಿಕೊಟ್ಟ ಮದ್ದಿನ ಬಟ್ಟಲನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದಳು. "ಇದನ್ನು ಹೊಟ್ಟೆಗೆ ಕೊಟ್ಟದ್ದನ್ನು ನಾನು ಕಂಡಿಲ್ಲ. ನೀವು ಕಂಡಿದ್ದೀರಾ?"

"ಕಂಡಿಲ್ಲ ತಾಯಿ. ಆದರೆ ಒಂದಲ್ಲ, ನಾಲ್ಕು ಗ್ರಂಥಗಳು ಹೇಳುತ್ತಿವೆ."

ಬಾಣಂತಿ ಕುಡಿದಳು. ಕೂಸು ಇನ್ನೂ ಮಡಿಲಲ್ಲಿರುವಾಗಲೇ ಅವಳ ತುಟಿ ಕಪ್ಪಾಯಿತು. ಅವಳ ಕೈಗಳಿಂದ ಕೂಸನ್ನು ಬಿಡಿಸಿಕೊಳ್ಳಬೇಕಾಯಿತು.

ನೇಕಾರ ಬೈಯಲಿಲ್ಲ, ಹೊಡೆಯಲಿಲ್ಲ. ವೈದ್ಯನ ಕೈಗಳನ್ನೇ ನೋಡುತ್ತ ನಿಂತ.

ಎಲ್ಲಿ ತಪ್ಪಿತೆಂದು ವೈದ್ಯನಿಗೆ ತಿಳಿಯಲಿಲ್ಲ. ಗ್ರಂಥ ಕೊಟ್ಟವರ ಮನೆಗಳಿಗೆ ಹೋದ. ಒಬ್ಬರು ಇನ್ನೊಬ್ಬರ ಪ್ರತಿಯಿಂದ ಬರೆಸಿಕೊಂಡಿದ್ದರು. ಆ ಇನ್ನೊಬ್ಬರು ಮತ್ತೊಬ್ಬರ ಪ್ರತಿಯಿಂದ. ಅವನ ಮನೆಯದೂ ಸೇರಿ ನಾಲ್ಕೂ ಹುಟ್ಟಿದ್ದು ಪಕ್ಕದ ಊರಿನ ಒಬ್ಬ ಲಿಪಿಕಾರನ ಕೈಯಿಂದ. ಅವನು ಮುದುಕನಾಗಿದ್ದ. ಕೇಳಿದ ಕೂಡಲೇ ನೆನಪು ಮಾಡಿಕೊಂಡ.

"ಮೂಲದ ಓಲೆ ನನ್ನ ಬಳಿಗೇ ಬಂದಿತ್ತು. 'ಕುಡಿಸ' ಎನ್ನುವವರೆಗೆ ಅಕ್ಷರವಿತ್ತು, ಮುಂದಿನದನ್ನು ಹುಳು ತಿಂದಿತ್ತು. ಮದ್ದಿನ ಮಾತಲ್ಲವೇ, 'ಬೇಕು' ಎಂದು ನಾನೇ ಸೇರಿಸಿದೆ."

"'ಬಾರದು' ಎಂದಿರಬಹುದಲ್ಲವೇ?" ವೈದ್ಯ ಕೇಳಿದ.

ಮುದುಕ ಅವನ ಮುಖವನ್ನು ದಿಟ್ಟಿಸಿದ. "ಇರಬಹುದು," ಎಂದ. "ಅದು ನನಗೆ ಹೊಳೆಯಲೇ ಇಲ್ಲ."

ಆಮೇಲೆ ವೈದ್ಯ ಯಾರ ನಾಡಿಯನ್ನೂ ಹಿಡಿಯಲಿಲ್ಲ.

ಗುರುಗಳು ಕಥೆ ಮುಗಿಸಿದರು.

"ಎಂಥ ಪಾಪಿ ಆ ಲಿಪಿಕಾರ!" ಎಂದ ಮರುಳಯ್ಯ.

ಗುರುಗಳು ಹೇಳಿದರು: "ಅವನು ಏನನ್ನೂ ಮುಚ್ಚಿಡಲಿಲ್ಲವಲ್ಲ ಮರುಳಯ್ಯ; ಬಾಣಂತಿ ಬದುಕಿದ್ದಾಗಲೇ ವೈದ್ಯ ಹೋಗಿ ಕೇಳಿದ್ದರೂ ಇದನ್ನೇ ಹೇಳುತ್ತಿದ್ದ."