ಕತ್ತೆಗೆ ಕಾಣದ ಗಾಯ

ದನದ ಆಸ್ಪತ್ರೆಯ ಪೆನ್ನಿಗೆ ತನ್ನ ಅಕ್ಷರದ ಮೇಲೆ ಭಾರಿ ಹೆಮ್ಮೆ. ಮುದಿ ಕತ್ತೆಯ ಬೆನ್ನಿನ ಪಟ್ಟಿ ಬಿಚ್ಚುವ ಮೊದಲೇ ಅದು ದಿನವೂ ದಾಖಲೆ ಪುಸ್ತಕದಲ್ಲಿ ಮುದ್ದಾಗಿ ಬರೆದಿಡುತ್ತಿತ್ತು: "ಗಾಯ ನಿನ್ನೆಯಂತೆಯೇ ಇದೆ."

ಒಂದು ಬೆಳಿಗ್ಗೆ ಕತ್ತೆ ಕೇಳಿತು: "ಅಣ್ಣಾ, ನನ್ನ ಬೆನ್ನು ನನಗೆ ಕಾಣಿಸದು. ಗಾಯ ಮಾಯುತ್ತಿದೆಯೇ? ನಾನು ಮನೆಗೆ ಹೋಗುವೆನೇ?"

ಪೆನ್ನು ಪುಟಗಳನ್ನು ಹಿಂದಕ್ಕೆ ತಿರುವಿತು. ಎಲ್ಲೆಲ್ಲೂ 'ನಿನ್ನೆಯಂತೆಯೇ'. ಕತ್ತೆ ಬಂದ ಮೊದಲ ದಿನವೂ 'ನಿನ್ನೆಯಂತೆಯೇ'! ಅಂದು ಪೆನ್ನು ಪಟ್ಟಿ ಬಿಚ್ಚುವ ತನಕ ಕಾಯಿತು.

ಪಟ್ಟಿ ಬಿಚ್ಚಿದಾಗ ಅಳತೆಯ ಟೇಪು ಗಾಯದ ಪಕ್ಕ ಮೆಲ್ಲಗೆ ಮಲಗಿ, "ಏಳು ಸೆಂಟಿಮೀಟರ್. ನೋಡಿ ಬರೆದುಕೋ," ಎಂದಿತು.

ವಾರದ ಬಳಿಕ ಪೆನ್ನು ಓದಿ ಹೇಳಿತು: "ಏಳು ಇದ್ದದ್ದು ಐದಾಗಿದೆ."

ಕತ್ತೆ ಕಿವಿ ನಿಮಿರಿಸಿತು. "ಇನ್ನೊಂದು ಸಲ ಓದಣ್ಣಾ."

ಪೆನ್ನು ಓದಿತು. ತನ್ನ ಬರಹವನ್ನು ಒಬ್ಬರು ಎರಡನೇ ಸಲ ಕೇಳಿದ್ದು ಅದೇ ಮೊದಲು.